ಎರಡನೇ ಪೆಡಲು

ಇಪ್ಪತ್ತೆಂಟು ವರ್ಷ ಎಡಗಡೆ ಸೀಟಿನಲ್ಲಿ ಕೂತವನು ನಾನು.
ನನ್ನ ಕಾಲಡಿಯಲ್ಲೂ ಒಂದು ಬ್ರೇಕಿತ್ತು,
ಕಲಿಯುವವರು ಮರೆತಾಗ ನಾನು ನೆನೆಯಲಿಕ್ಕೆ.
ಮಂಡಿ ಮೊಹಲ್ಲಾದ ಹಸು, ಇರ್ವಿನ್ ರಸ್ತೆಯ ಕೈಗಾಡಿ,
ಥಟ್ಟನೆ ರಸ್ತೆಗುರುಳಿದ ಬುಗುರಿ, ಅದರ ಹಿಂದೆಯೇ ಹುಡುಗ,
ಎಲ್ಲರೂ ಉಳಿದದ್ದು ಈ ಬಲಗಾಲಿನಿಂದ
ಎಂದರೆ ಜಂಬ. ಅನ್ನುತ್ತೇನೆ.

ಇವತ್ತು ಜಬೀನ್ ತಾಜ್ ಅವರ ಹೊಸ ಕಾರು.
ಎಡಗಡೆ ಬರೀ ಮ್ಯಾಟು.
"ಇದಕ್ಕೆ ಕಣ್ಣಿದೆ ಮೇಷ್ಟ್ರೆ, ತಾನೇ ನಿಲ್ಲತ್ತೆ" ಅಂದರು
ಪಾಂಡವಪುರದ ಆಸ್ಪತ್ರೆಗೆ ಬೆಳಗಿನ ಪಾಳಿಗೆ ಹೊರಟ ನರ್ಸಮ್ಮ.
ಮಂಜಿದೆ, ಜೊತೆಗೆ ಬನ್ನಿ ಅಂತ
ರಾತ್ರಿ ಫೋನು ಮಾಡಿದವರೂ ಅವರೇ.

ಧನುರ್ಮಾಸ. ಐದೂವರೆ.
ಸಿದ್ದಲಿಂಗಪುರ ದಾಟಿದ್ದೇ ಲೋಕ ಅಳಿಸಿಹೋಯಿತು.
ಬಿಳಿ ಪಟ್ಟೆ ಕಂಡಾಗ ಸ್ಟೀರಿಂಗು ಮೆಲ್ಲಗೆ ಜಗ್ಗುವುದು,
ಸಂತೆಯಲ್ಲಿ ಮಗು ಸೆರಗು ಜಗ್ಗಿದ ಹಾಗೆ.
ಪಟ್ಟೆ ಕಾಣದಾದಾಗ ಕೈಬಿಡುವುದು.
ಬಿಟ್ಟೆ ಅಂತ ಹೇಳುವುದೂ ಇಲ್ಲ,
ಹಸಿರು ದೀಪ ಬೂದಿಯಾದದ್ದೇ ಸುದ್ದಿ.

ಕಿರಂಗೂರು ವೃತ್ತ ಕಳೆದು
ಗಕ್ಕನೆ ನಿಂತಿತು ಕಾರು. ಯಾರೂ ತುಳಿದಿರಲಿಲ್ಲ.
ಎದುರಿಗೆ ಏನೂ ಇಲ್ಲ. ಇತ್ತು:
ಹಿಂದೀಪವಿಲ್ಲದ ಟ್ರ್ಯಾಕ್ಟರಿನಿಂದ ಜೋತುಬಿದ್ದ
ಒಂದೇ ಒಂದು ಕಬ್ಬಿನ ಗರಿ.
"ಪುಕ್ಕಲು" ಅಂದೆ.
"ಹುಷಾರು" ಅಂದರು ಅವರು.
ಗರಿಯ ಹಿಂದೆ ಲೋಡು, ಲೋಡಿನ ಮೇಲೆ ಮಲಗಿದ್ದ ಆಳು
ಆಮೇಲೆ ಕಂಡ. ನಾನು ಮಾತಾಡಲಿಲ್ಲ.

ಸ್ವಲ್ಪ ದೂರಕ್ಕೆ ಗಾಜಿನಡಿ ಒಂದು ಸಾಲು ಮೂಡಿತು:
ಕ್ಯಾಮರಾ ಮುಚ್ಚಿದೆ, ಸಹಾಯ ಸದ್ಯಕ್ಕಿಲ್ಲ.
ಇಳಿದೆ. ಮಫ್ಲರಿನ ತುದಿಯಿಂದ ಒರೆಸಿದೆ.
ಅಷ್ಟು ದುಡ್ಡಿನ ಕಣ್ಣು, ಅದಕ್ಕೂ ಗೀಜು.
ಒರೆಸಿದಷ್ಟೂ ಇಬ್ಬನಿ. "ಹೋಗಲಿ, ನಿಧಾನ ನಡೀರಿ" ಅಂದೆ.

ನಾಲೆಯ ತಿರುವಿನಲ್ಲಿ ಹುರುಳಿ ಹಾಸಿದ್ದರು.
ನಿನ್ನೆಯ ಬಸ್ಸು ಲಾರಿ ತುಳಿದು ಮಿಕ್ಕದ್ದು,
ರಾತ್ರಿಯೆಲ್ಲ ಹಿಮ ಕುಡಿದು ಮೆತ್ತಗಾಗಿ
ಎಣ್ಣೆ ಸವರಿದ ಚಾಪೆ.
ಆಚೆ ತುದಿಗೆ ಸಾಲುಗಲ್ಲು, ಒಂದು ಪುಟ್ಟ ಬೆಂಕಿ,
ಬೆಂಕಿಯ ಪಕ್ಕ ಕಂಬಳಿಯೊಂದು ಎದ್ದು ನಿಂತಿತು.

ಜಬೀನ್ ತುಳಿದರು.
ಪೆಡಲು ಗಡಗಡ ನಡುಗಿತು, ಜ್ವರ ಬಂದ ಮೈಯ ಹಾಗೆ.
ಹೆದರಿ ಕಾಲು ಎತ್ತಿದರು.

"ಬಿಡಬೇಡಿ!"
ಒತ್ತಿ ಬಿಡಿ, ಒತ್ತಿ ಬಿಡಿ ಅಂತ
ಸಾವಿರ ಜನಕ್ಕೆ ಹೇಳಿದ ಬಾಯಿ ಕೂಗುತ್ತಿತ್ತು:
ಒತ್ತಿ ಹಿಡೀರಿ, ನಡುಗಲಿ, ಕೆಟ್ಟಿಲ್ಲ ಅದು,
ನಾವು ಒತ್ತಿ ಬಿಡುತ್ತಿದ್ದದ್ದನ್ನೇ
ನಮಗಿಂತ ಬೇಗ ಬೇಗ ಮಾಡ್ತಿದೆ,
ಹುಲ್ಲಿನ ಮೇಲೆ ಅದಕ್ಕೂ ಜಾಗ ಸಾಲದು,
ಚಕ್ರ ನಿಮ್ಮ ಮಾತು ಕೇಳತ್ತೆ, ತಿರುಗಿಸಿ, ಬಲಕ್ಕೆ, ಬಲಕ್ಕೆ,
ನಾಲೆ ಎಡಕ್ಕಿದೆ!

ನಿಂತಿತು.
ಕಲ್ಲಿಗೂ ನಮಗೂ ಒಂದು ಮಾರು.
ನನ್ನ ಕಾಲು ಇಲ್ಲದ ಪೆಡಲನ್ನು
ಮ್ಯಾಟಿನೊಳಕ್ಕೆ ತುಳಿದೇ ಇತ್ತು.

ಕಂಬಳಿಯ ಹೆಂಗಸು ಬಂದು ಗಾಜು ತಟ್ಟಿದಳು:
"ಒಕ್ಲಿ ಅಂತ ಹಾಕಿದ್ದು ಕನವ್ವ,
ನಾಲೆಗೆ ಎರಚ್ಲಿ ಅಂತಲ್ಲ. ಹುಳ್ಳಿ ನೋಡು."
ನರ್ಸಮ್ಮ ಕೈ ನಡುಗುತ್ತಿದ್ದರೂ ಇಳಿದರು.
ಮೂವರೂ ಬಾಚಿ ಬಾಚಿ ಗುಡ್ಡೆ ಹಾಕಿದೆವು.
ಹೊರಡುವಾಗ ಆಕೆ ಬೆಂಕಿಯಿಂದ ಕೊಳ್ಳಿ ಎತ್ತಿ
ತಿರುವು ಮುಗಿಯುವ ತನಕ ಹಿಡಿದು ಮುಂದೆ ಮುಂದೆ ನಡೆದಳು.

ಉಳಿದ ದಾರಿ ಗಾಜಿಳಿಸಿ, ಕಿವಿಯಿಂದ ಓಡಿಸಿದರು ಜಬೀನ್.
ಆಸ್ಪತ್ರೆಯ ಗೇಟಿನಲ್ಲಿ ಬಿಸಿಲು ಬಿತ್ತು,
ಹಸಿರು ದೀಪ ತಾನಾಗಿ ಹೊತ್ತಿಕೊಂಡಿತು,
ಏನೂ ನಡೆದಿಲ್ಲವೇನೋ ಅನ್ನುವಂತೆ.
"ಬದುಕಿಸಿದ್ದು ಯಾರು ಮೇಷ್ಟ್ರೆ, ಅದೋ ನಾನೋ?"
ಲೆಕ್ಕ ನನಗೂ ಹತ್ತಲಿಲ್ಲ.

ವಾಪಸು ಬಸ್ಸಿನಲ್ಲಿ ಬಂದೆ, ಡ್ರೈವರ್ ಹಿಂದಿನ ಸೀಟು.
ಚಪ್ಪಲಿಗಂಟಿದ ಎರಡು ಹುರುಳಿ ಕಾಳು ಕೆರೆದು ತೆಗೆದೆ.
ಅವನು ಬ್ರೇಕು ಹಾಕಿದಾಗೆಲ್ಲ
ನಾನೂ ಹಾಕಿದೆ.